ಇನ್ನೊಂದು ಕೀ

ಗುಬ್ಬಿ ಆಚೆಯ ಗುಡ್ಡದ ಮೇಲಿನ ಗಾಳಿಯಂತ್ರಗಳಿಗೆಲ್ಲ ಶೆಟ್ಟಿಹಳ್ಳಿಯ ಕಿರಣ್‌ಕುಮಾರನೇ ಮ್ಯಾನೇಜರು. ಅಲ್ಲೊಂದು ಕಟ್ಟಳೆಯಿದೆ: ರಿಪೇರಿಗೆ ಹತ್ತುವವನು ಕೆಳಗಿನ ಸ್ವಿಚ್ಚು ಆಫ್ ಮಾಡಿ, ತನ್ನದೇ ಬೀಗ ಜಡಿದು, ಕೀ ಜೇಬಿಗಿಳಿಸಿಯೇ ಹತ್ತಬೇಕು. ಅವನು ಇಳಿದು ಬಂದು ತೆಗೆಯುವವರೆಗೆ ಯಂತ್ರ ಅಲ್ಲಾಡುವಂತಿಲ್ಲ. ಆ ಬೀಗಕ್ಕೆ ಇನ್ನೊಂದು ಕೀ ಇರುವುದು ಕಿರಣನ ಬಳಿ ಮಾತ್ರ. ಹೆಂಡತಿ ಅಕ್ಷತಾಗೂ ಅದನ್ನು ಮುಟ್ಟಗೊಡದ ಆಸಾಮಿ!

ಅಂಥವನು ಅದನ್ನು ಅಂಜನ್‌ಕುಮಾರನ ಕೈಗೆ ಕೊಟ್ಟ. ಕೆಲಸ ಕೇಳಿಕೊಂಡು ಬಂದಿದ್ದ ಅಂಜನ್‌ಗೆ ಅ ಆ ಇ ಈಯಿಂದ ಕಲಿಸಿ, ಅಸಿಸ್ಟೆಂಟ್ ಮಾಡಿಕೊಂಡು, ಮನೆಯಲ್ಲಿ ಉಣ್ಣಿಸಿದವನು ಕಿರಣನೇ. ಆಷಾಢದಲ್ಲಿ ಮಾವನ ತಿಥಿಗೆಂದು ಕುಣಿಗಲ್‌ಗೆ ಹೊರಟಾಗ, 'ಇವತ್ತೊಂದಿನ ಇಟ್ಕೊಂಡಿರೋ' ಅಂದ.

ಆಷಾಢದ ಗಾಳಿಯೆಂದರೆ ಕಂಪನಿಗೆ ಸುಗ್ಗಿ. ಯಂತ್ರ ಯಾಕೆ ನಿಂತಿದೆ ಎಂದು ಮೇಲಿನವರು ಅಂಜನ್‌ನ ಜೀವ ತಿಂದರು. ರಿಪೇರಿಗೆ ಹತ್ತಿದ್ದ ಅಡವಿಯಪ್ಪನ ಬೈಕು ಬುಡದಲ್ಲಿ ಕಾಣಲಿಲ್ಲ. ಬೀಗ ಮರೆತು ಹೋಗಿದ್ದಾನೆ ಅಂದುಕೊಂಡ. ಅಯ್ಯೋ ಶಿವನೇ, ಬೈಕು ತೆಗೆದುಕೊಂಡು ಜೊತೆಯ ಕೆಲಸದವನೊಬ್ಬ ಊಟ ತರಲು ಹೋಗಿದ್ದ! ಕತ್ತೆತ್ತಿ ಒಂದು ಕೂಗು ಹಾಕಲು ಈ ಅಂಜನ್ ಮಹಾಶಯನಿಗೆ ಏನು ದಾಡಿ? ಬೀಗ ತೆಗೆದ, ಸ್ವಿಚ್ಚು ಹಾಕಿದ. ಮೇಲೆ ಅಡವಿಯಪ್ಪನ ಬಲಗೈ ಬೆರಳುಗಳು ಗೇರಿಗೆ ಸಿಕ್ಕಿ ಜಜ್ಜಿಹೋದವು.

ವಿಚಾರಣೆಯಲ್ಲಿ ಅಂಜನ್ ತಲೆ ತಗ್ಗಿಸಿ, 'ಕಿರಣ್ ಸಾರೇ ಫೋನ್ ಮಾಡಿ ತೆಗಿ ಅಂದ್ರು' ಎಂದ. ಫೋನು ಮಾಡಿದ್ದು ನಿಜ. ಆದರೆ ಕೇಳಿದ್ದೇನು? 'ಊಟ ಆಯ್ತೇನೋ?' ಅಷ್ಟೇ! ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಕಿರಣನ ಕೆಲಸ ಹೋಯಿತು. ಅದಕ್ಕಿಂತ ಹೆಚ್ಚಾಗಿ ಕೊರೆದದ್ದು ಒಂದೇ: ಅಡವಿಯಪ್ಪನೂ ಇದನ್ನು ನಂಬಿಬಿಟ್ಟರೆ?

ತುಮಕೂರಿನ ಆಸ್ಪತ್ರೆಗೆ ಓಡಿದ.

'ನಾನು ಹೇಳ್ಲಿಲ್ಲ ಕಣಪ್ಪ, ನಮ್ಮಮ್ಮನಾಣೆ. ಅವ್ನು ನನ್ ಕುತ್ತಿಗೆ ಕುಯ್ದ.'

ಅಡವಿಯಪ್ಪ ತನ್ನ ಬ್ಯಾಂಡೇಜು ನೋಡಿಕೊಂಡ. 'ಗೊತ್ತು ಬುಡಿ ಸಾರ್. ನೀವು ಅಂಗೆಲ್ಲ ಹೇಳೋರಲ್ಲ.'

ಕಿರಣನಿಗೆ ಹೋದ ಜೀವ ಬಂದಂತಾಯಿತು.

'ಆದ್ರೆ ಸಾರ್, ನಾನು ನಿಮ್ಮನ್ನ ನಂಬ್ಕಂಡು ಮ್ಯಾಕೆ ಹತ್ತಿದ್ದೆ. ಕೀ ಅವ್ನತ್ರ ಐತೆ ಅಂತ ನಂಗೊಂದು ಮಾತು ಯಾಕೇಳ್ಲಿಲ್ಲ?'

ಗುಬ್ಬಿಯಿಂದ ದಾರಿಯುದ್ದಕ್ಕೂ ಅಂಜನ್‌ಗೆ ಬೈಯುತ್ತ ಬಂದಿದ್ದ ಕಿರಣ್, 'ಹೇಳ್ಬೇಕಿತ್ತು ಕಣಪ್ಪ' ಅಂದ.