ಚೊಚ್ಚಲ ಹೆರಿಗೆಯ ಊರು

ಪರದೇಶದ ಡನ್ ಲಿಯರಿ ಎಂಬ ಊರಿನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡೆ. ಅಂದಿನಿಂದ ಸ್ನಾನ ಮಾಡಿಸಲು ಬೆಳಿಗ್ಗೆ ಒಬ್ಬ ಹೆಂಗಸು ಬರುತ್ತಾಳೆ. ಆಫ್ರಿಕಾದವಳು. ಅವಳ ದೇಶದ ಹೆಸರು ನನ್ನ ಬಾಯಲ್ಲಿ ನಿಲ್ಲುವುದಿಲ್ಲ, ಬಿಟ್ಟಿದ್ದೇನೆ. ನನ್ನದು ಹರಕು ಇಂಗ್ಲಿಷು, ಅವಳು ನಿಧಾನಕ್ಕೆ ಮಾತಾಡುತ್ತಾಳೆ. ಮಗಳನ್ನು ನೋಡಿ ನನ್ನನ್ನು ಅಮ್ಮ ಅನ್ನುವುದನ್ನು ಕಲಿತಿದ್ದಾಳೆ. ಬೆನ್ನು ಚೆನ್ನಾಗಿ ಉಜ್ಜುತ್ತಾಳೆ. ಅಷ್ಟು ಸಾಕು.

ಮಗಳದು ಬರೆಯುವ ಕೆಲಸ. ಇಲ್ಲಿನ ಸರ್ಕಾರ ಆಫ್ರಿಕಾದ ದೇಶಗಳಿಗೆ ನೆರವು ಕೊಡುತ್ತದೆ. ಯಾವ ದೇಶಕ್ಕೆ, ಯಾತಕ್ಕೆ ಎಂದು ಆಗಾಗ ಹೊಸ ಯೋಜನೆ ಮಾಡುತ್ತಾರೆ. ಅದನ್ನು ಬರೆದುಕೊಡುವ ಕಚೇರಿಯಲ್ಲಿ ಇವಳಿದ್ದಾಳೆ. ಹಿಂದಿನ ಸಲ ಹೆರಿಗೆ ಆಸ್ಪತ್ರೆ ಮುಖ್ಯ ಎಂದು ಬರೆದಿದ್ದಳು. ಈಗ ಬೇರೇನೋ ಮುಖ್ಯವಂತೆ.

ಒಂದು ದಿನ ಆ ಹೆಂಗಸು ತಲೆ ಒರೆಸುತ್ತ, ತಂಗಿ ಬಸುರಿ ಎಂದಳು. ತಂಗಿಯ ಗಂಡನ ಮನೆ ಪಟ್ಟಣದಲ್ಲಿ, ಅಲ್ಲಿ ದೊಡ್ಡಾಸ್ಪತ್ರೆ ಇದೆ. ಆದರೆ ಚೊಚ್ಚಲು, ತವರಿಗೇ ಹೋಗಬೇಕು. ತವರು ದೊಡ್ಡ ಕೆರೆಯ ಆಚೆ ದಡ, ದೋಣಿಯಲ್ಲಿ ದಾಟಬೇಕು. ಅಲ್ಲೂ ಒಂದು ಸಣ್ಣ ಆಸ್ಪತ್ರೆ, ಇಲ್ಲಿನ ಸರ್ಕಾರದ ನೆರವಿನಿಂದ ನಡೆಯುವುದು.

ಊಟಕ್ಕೆ ಕೂತಾಗ ಇದನ್ನು ಮಗಳಿಗೆ ಹೇಳಿದೆ. ಆ ಹೆಂಗಸಿನ ಊರು ಯಾವುದೆಂದು ಮಗಳಿಗೆ ಗೊತ್ತು. ಅವಳು ತಟ್ಟೆಯಿಂದ ಕೈ ತೆಗೆದಳು.

"ಹೊಸ ಯೋಜನೇಲಿ ಆ ಜಿಲ್ಲೆ ಡ್ರಾಪ್ ಆಗಿದೆ ಅಮ್ಮ. ಇನ್ನು ಸ್ವಲ್ಪ ದಿನಕ್ಕೇ ಫಂಡಿಂಗ್ ನಿಂತೋಗತ್ತೆ. ನರ್ಸ್ ಇರಲ್ಲ."

"ಹೇಳ್ಬಿಡೇ ಅವಳಿಗೆ."

"ಅನೌನ್ಸ್ ಆಗೋವರ್ಗೂ ಹೇಳೋ ಹಾಗಿಲ್ಲ. ನನ್ ಕೆಲಸ ಹೋಗತ್ತೆ. ನೀನೂ ಬಾಯಿ ಬಿಡಬೇಡ."

"ಕೂಸು ನಿಮ್ಮ ಅನೌನ್ಸಿಗೆ ಕಾಯ್ಕೊಂಡು ಕೂರತ್ತಾ?"

"ಸುಸ್ತಾಗಿದೆ ಅಮ್ಮ. ಬಿಡು."

ಸುಸ್ತಾಗಿದ್ದುದು ನಿಜ. ಬಿಟ್ಟೆ.

ಮಾರನೇ ದಿನ ಸ್ನಾನಕ್ಕೆ ಕೂತು, ಬಸುರಿ ನೀರು ದಾಟಬಾರದು, ನಮ್ಮಲ್ಲಿ ಶಾಸ್ತ್ರವಿದೆ ಎಂದೆ. ಇದೆ. ನಾನು ಎಂದೂ ನಂಬಿದವಳಲ್ಲ, ತುಂಬಿದ ಹೊಟ್ಟೆ ಹೊತ್ತು ಹೊಳೆ ದಾಟಿ ಗದ್ದೆಗೆ ಹೋದವಳು. ಮಗಳ ಕೆಲಸವೂ ಉಳಿಯಲಿ, ಆ ಹುಡುಗಿಯೂ ಉಳಿಯಲಿ ಎಂದು ಮುಖ ಗಂಟಿಕ್ಕಿ ಹೇಳಿದೆ.

ಅವಳು ನಕ್ಕಳು. "ನಮ್ಮಜ್ಜಿನೂ ಹಿಂಗೇ ಅಂತಿದ್ಲು ಅಮ್ಮ. ಒಂಬತ್ತು ಹೆತ್ಲು, ಒಂಬತ್ತು ಸಲನೂ ದೋಣೀಲಿ ಹೋದ್ಲು. ನೀವು ಹೆದರ್ಬೇಡಿ, ಅಲ್ಲಿ ನರ್ಸ್ ಒಳ್ಳೆಯವಳು."

"ನರ್ಸ್ ಇರಲ್ಲ," ಎಂದೆ.

ಸೋಪಿನ ಕೈ ನನ್ನ ಹೆಗಲ ಮೇಲೆ ನಿಂತಿತು. ಮಗಳು ಏನು ಕೆಲಸ ಮಾಡುತ್ತಾಳೆಂದು ಅವಳಿಗೆ ಗೊತ್ತು. ಬಾಗಿಲ ಕಡೆ ನೋಡಿದಳು. ಆಚೆ ಕೋಣೆಯಲ್ಲಿ ಮಗಳು ಫೋನಿನಲ್ಲಿ ಯಾರಿಗೋ, ಸರಿ ಸರಿ ಅನ್ನುವುದಕ್ಕೆ ಇಲ್ಲಿನವರು ಅನ್ನುವ ಹಾಗೆ, 'ಗ್ರ್ಯಾಂಡ್, ಗ್ರ್ಯಾಂಡ್' ಅನ್ನುತ್ತಿದ್ದಳು.

"ಅವರು ಹೇಳಿದ್ರಾ?"

"ಅವಳೇನೂ ಹೇಳಿಲ್ಲ. ನಾನು ಹೇಳ್ತಿದೀನಿ."

ಅವಳು ನೀರು ಹಾಕಿ, ಬಟ್ಟೆ ತೊಡಿಸಿ ಹೋದಳು.

ತಂಗಿ ದೋಣಿ ಹತ್ತಲಿಲ್ಲ. ತಾಯಿಯೇ ಕೋಳಿಗಳನ್ನು ನೆರೆಯವರಿಗೆ ಒಪ್ಪಿಸಿ ಪಟ್ಟಣಕ್ಕೆ ಹೋದಳಂತೆ. ಬೀಗರ ಮನೆಯ ಊಟ ಸೇರದೆ ದಿನವೂ ಗೊಣಗಿದಳಂತೆ. ಮಗು ಅಡ್ಡ ತಿರುಗಿತ್ತು, ದೊಡ್ಡಾಸ್ಪತ್ರೆಯಲ್ಲಿ ಕೊಯ್ದು ತೆಗೆದರು. ಇಬ್ಬರೂ ಉಳಿದರು.

ಇದನ್ನು ಹೇಳುವಾಗ ಅವಳು ಬಕೆಟ್ಟಿಗೆ ನೀರು ಬಿಡುತ್ತಿದ್ದಳು. ಆ ಹೊತ್ತಿಗೆ ಯೋಜನೆ ಹೊರಬಂದು, ಊರಿನ ಆಸ್ಪತ್ರೆಗೆ ಬೀಗ ಬಿದ್ದಿತ್ತು.

"ಊರಲ್ಲಿ ಮಿಕ್ಕವರು ಏನು ಮಾಡ್ತಾರೆ?" ಎಂದು ಕೇಳಿದೆ.

"ಪಟ್ಟಣದಲ್ಲಿ ಅವರಿಗೆ ಯಾರಿದಾರೆ ಅಮ್ಮ? ಮನೇಲೇ ಹೆರ್ತಾರೆ."

ನೀರು ಆರುತ್ತಿತ್ತು. ತಿರುಗಿ ಬೆನ್ನು ಕೊಟ್ಟೆ.