ಕುಡುಗೋಲಿನ ಹಿಡಿಯೊಳಗಿನ ಹಾಡು

ಭಾಲ್ಕಿಯಲ್ಲಿ ಔರಾದಿನ ಬಸ್ಸಿಗೆ ಕಾಯುತ್ತಿದ್ದೆ. ಕುಡುಗೋಲಿಗೆ ಹಿಡಿ ಕೂರಿಸುವ ಮುದುಕರೊಬ್ಬರ ಮುಂದೆ ಅರ್ಧ ಗ್ರಾಮೋಫೋನ್ ರೆಕಾರ್ಡು ಬಿದ್ದಿತ್ತು. ನಡುವಿನ ಹರಿದ ಚೀಟಿಯಲ್ಲಿ ‘ರಾಕ್ ಅಂಡ್ ರೋಲ್’ ಎಂದಿತ್ತು. ಮುಂಬೈಯ ಹುಡುಗರು ಇದಕ್ಕೆ ಹುಚ್ಚೆದ್ದು ಕುಣಿಯುತ್ತಾರೆಂದು ಪೇಪರಿನಲ್ಲಿ ಓದಿದ್ದೆ, ಕೇಳಿರಲಿಲ್ಲ.

“ಇದನ್ನ ಯಾಕ ಒಡದ್ರಿ ಚಾಚಾ?”

“ನಮ್ಮ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರ್ತಲ್ರಿ, ಸಾಹೇಬ್ರೊಬ್ರು ಸಾಮಾನೆಲ್ಲ ಮಾರಿ ಹೈದರಾಬಾದಿಗೆ ಹೋದ್ರು. ಇದು ಅರಗಿಂದು ಅದರಿ. ಕಾಸಿ ಸುರದ್ರ ಅಲಗು ಅಳ್ಳಾಡಂಗಿಲ್ಲ.”

“ಹಾಡು ಕೇಳಿದ್ರೇನು?”

“ಹಾಡಸೋ ಬಾಜಾ ಬ್ಯಾರೆದವರು ಒಯ್ದರ್ರಿ. ಹ್ಯಾಂಗ ಕೇಳ್ಲಿ?”

ಉಳಿದರ್ಧ ಕೆಂಡದ ಮೇಲಿನ ಸೌಟಿನಲ್ಲಿ ಕರಗುತ್ತಿತ್ತು. ಎದುರಿನ ಹೋಟೆಲಿನಲ್ಲಿ ಚಹಾಕ್ಕೆ ಕೂರದಿದ್ದರೆ ಇಡೀ ರೆಕಾರ್ಡು ನನಗೆ ಸಿಗುತ್ತಿತ್ತು. ಹಾಳು ಚಹಾ, ಅದಾದರೂ ಬಿಸಿ ಇತ್ತೇ! ಚಾಚಾ ಕರಗಿದ್ದನ್ನು ಹಿಡಿಯ ತೂತಿಗೆ ಸುರಿದು, ಅಲಗಿನ ಬುಡ ಒತ್ತಿ, ನೀರಿಗೆ ಅದ್ದಿದರು. ಚುಸ್ಸೆಂದಿತು. ಆ ಹಾಡಿನಿಂದ ನಾನು ಕೇಳಿದ್ದು ಅಷ್ಟೇ.

ಕುಡುಗೋಲಿಗಾಗಿ ಕಾದಿದ್ದ ಖಟಕ ಚಿಂಚೋಳಿಯ ಹೆಂಗಸು ಅದನ್ನು ಅಲ್ಲಾಡಿಸಿ ನೋಡಿ, “ಗಟ್ಟಿ ಕುಂತದರಿ” ಎಂದಳು. ಸೆರಗಿನಲ್ಲಿ ಸುತ್ತಿಕೊಂಡು ತನ್ನೂರಿನ ಬಸ್ ಹತ್ತಿದಳು.