ಸರಿ ಉತ್ತರಕ್ಕೆ ಸಾರಿ ಕೇಳಬೇಕಂತೆ!

ಹೋದ ವರ್ಷ, ಮಸ್ಕತ್ತಿನಲ್ಲಿ ಸೆಕೆ ಇಳಿದು ಸ್ವಲ್ಪ ತಂಪಾಗುವ ಹೊತ್ತು. ಹನ್ನೊಂದನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಶ್ರೇಯಾಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ನಾನು ಉಡುಪಿ ಕಡೆಯ ಕಾಪುವಿನವಳು, ಇಲ್ಲೇ ಮಸ್ಕತ್ತಿನ ರೂವಿ ಬಡಾವಣೆಯ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅರ್ಧ ದಿನ ರಜೆ ಹಾಕಿ ಹೋಗಿದ್ದೆ.

ಅವಳ ಪ್ರಾಜೆಕ್ಟ್ ನಕ್ಷತ್ರಗಳ ಎಕ್ಸ್‌ರೇ ಬಗ್ಗೆ. ಅಲ್ಲಿಂದ ಹೊರಟ ಕಿರಣಗಳೆಲ್ಲ ನಮ್ಮ ಉಪಗ್ರಹಗಳನ್ನು ಮುಟ್ಟುವುದಿಲ್ಲ. ದಾರಿಯಲ್ಲಿರುವ ಅನಿಲ ಕಡಿಮೆ ಶಕ್ತಿಯವನ್ನು ನುಂಗುತ್ತದೆ, ಧೂಳು ಕೆಲವನ್ನು ಚದುರಿಸುತ್ತದೆ. ಚದುರುವುದನ್ನು ತೋರಿಸಲು ಗಾಜಿನ ತೊಟ್ಟಿಯ ನೀರಿಗೆ ನಾಲ್ಕು ಹನಿ ಹಾಲು ಹಾಕಿ ಟಾರ್ಚ್ ಬೆಳಕು ಬಿಟ್ಟಿದ್ದಳು. ಪಕ್ಕದಲ್ಲಿ, ನಮ್ಮನ್ನು ಮುಟ್ಟಿದ ಕಿರಣಗಳ ಒಂದು ಗ್ರಾಫ್; ಕಡಿಮೆ ಶಕ್ತಿಯ ಎಡತುದಿ ಪೂರಾ ಕುಸಿದಿತ್ತು. ನಾನು ಹೇಳಿಕೊಟ್ಟದ್ದು ಒಂದೇ ಮಾತು, ನಮ್ಮ ಮೆಷಿನ್ನಿನಲ್ಲೂ ಅಲ್ಯುಮಿನಿಯಂ ತಗಡು ದುರ್ಬಲ ಕಿರಣಗಳನ್ನು ತಡೆಯುತ್ತದೆ ಅಂತ. ಉಳಿದದ್ದೆಲ್ಲ ಎರಡು ತಿಂಗಳು ಅವಳೇ ಕೂತು ಓದಿದ್ದು.

ತೀರ್ಪುಗಾರರು ಬಂದರು. ಸೂಟು ಹಾಕಿದ ಒಬ್ಬ ಹಿರಿಯರು.

"ಇದು ಸಿಲೆಬಸ್ಸಿನಲ್ಲೇ ಇಲ್ಲ. ನಿನ್ನ ಅಮ್ಮನಿಗೆ ಏನು ಕೆಲಸ?"

"ರೇಡಿಯೋಗ್ರಾಫರ್, ಸರ್."

"ಖಲಾಸ್! ಹಾಗಾದರೆ ಇದು ಅಮ್ಮನ ಪ್ರಾಜೆಕ್ಟ್." ನಗುತ್ತಲೇ ಕೈಯಲ್ಲಿದ್ದ ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಸರ್, ಅವಳನ್ನು ಒಂದೇ ಒಂದು ಪ್ರಶ್ನೆ ಕೇಳಿ ನೋಡಿ" ಎಂದೆ.

"ಟೈಮ್ ಇಲ್ಲ ಮೇಡಂ."

ಆಗ ಶ್ರೇಯಾಳೇ ಬಾಯಿಬಿಟ್ಟಳು. "ಸರ್, ನಾನೇ ಕೇಳ್ಲಾ? ಗ್ರಾಫ್ ಈ ಕಡೆ ಯಾಕೆ ಬಿದ್ದಿದೆ?"

"ನಕ್ಷತ್ರ ಆ ಕಿರಣ ಕೊಡುವುದೇ ಇಲ್ಲ, ಅದಕ್ಕೆ."

"ನೋ ಸರ್, ಕೊಟ್ಟಿದೆ. ಮಧ್ಯದಲ್ಲಿರೋ ಅನಿಲ ನುಂಗಿದೆ. ನನ್ನ ಪ್ರಾಜೆಕ್ಟೇ ಅದು!"

ಪಕ್ಕದ ಮೇಜಿನ ಮಕ್ಕಳು ಕಿಸಕ್ಕನೆ ನಕ್ಕರು. ಆ ಮನುಷ್ಯ ಮುಖ ಗಂಟು ಹಾಕಿಕೊಂಡು ಹೊರಟೇಹೋದರು.

ಐದು ನಿಮಿಷದಲ್ಲಿ ಅವಳ ಟೀಚರ್ ಓಡಿ ಬಂದರು. "ಸರ್ ಹತ್ರ ಸಾರಿ ಕೇಳಮ್ಮ. ಇಲ್ಲದಿದ್ರೆ ಅಂತರಶಾಲಾ ವಿಜ್ಞಾನ ಸ್ಪರ್ಧೆಯ ತಂಡದಿಂದ ನಿನ್ನ ಹೆಸರು ತೆಗೀತಾರೆ."

ಮಗಳು ನನ್ನ ಮುಖ ನೋಡಿದಳು. ಆ ತಂಡದ ಮೇಲೆ ಅವಳಿಗೆಷ್ಟು ಆಸೆಯಿತ್ತೆಂದು ನನಗೆ ಗೊತ್ತು. ಆದರೂ "ಕೇಳಬೇಡ ಮಗಾ" ಎಂದುಬಿಟ್ಟೆ.

ಹೆಸರು ತೆಗೆದೇ ತೆಗೆದರು. ಪ್ರಿನ್ಸಿಪಾಲರಿಗೆ ಪತ್ರ ಬರೆದೆ. ತೀರ್ಪುಗಾರರ ನಿರ್ಧಾರವೇ ಅಂತಿಮ ಎಂದು ಒಂದು ಸಾಲಿನ ಉತ್ತರ ಬಂತು.

"ಇಟ್ಸ್ ಓಕೆ ಅಮ್ಮ" ಅನ್ನುತ್ತಾಳೆ ಮಗಳು. ನನಗೆ ಮಾತ್ರ ಓಕೆ ಅಲ್ಲ. ತಪ್ಪು ಹೇಳಿದ್ದು ಅವರು, ಕ್ಷಮೆ ಕೇಳಬೇಕಾದ್ದು ಹದಿನಾರರ ಹುಡುಗಿಯಂತೆ! ಅವಳ ತಂಡ ತಪ್ಪಿಸಿದೆನಲ್ಲ ಎಂದು ಒಮ್ಮೊಮ್ಮೆ ಸಂಕಟವಾಗುವುದು ನಿಜ. ಆದರೆ ಅವಳು ಮತ್ತೆ ಹಾಗೆ ನನ್ನ ಮುಖ ನೋಡಿದರೂ ನಾನು ಹೇಳುವುದು ಅದನ್ನೇ.